ಕುಂಭಕ ಹಿಡಿದ ಎಂಜಿನ್

ಅಳ್ನಾವರದ ಪ್ರಲ್ಹಾದರಾಯರು ತಮ್ಮ ಹಳೆಯ ಕಾರಿನ ಬಾನೆಟ್ಟಿನ ಮೇಲೆ ನಾಣ್ಯವೊಂದನ್ನು ಅಂಚಿನ ಮೇಲೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಕೈಕಟ್ಟಿ ನಿಂತರು. ನಾಣ್ಯ ಅಲುಗಲಿಲ್ಲ. ಅವರ ಹೆಂಡತಿ ವತ್ಸಲಾಬಾಯಿ ಚೀಲ ಹಿಡಿದು ನಾಣ್ಯವನ್ನಲ್ಲ, ರಸ್ತೆಯನ್ನು ನೋಡುತ್ತಿದ್ದರು. ಧಾರವಾಡದ ಬಸ್ಸು ಅವರ ಕಣ್ಣೆದುರಿಗೇ ದಾಟಿ ಹೋಯಿತು.

"ಬಸ್ಸು ಹೋತು," ಎಂದರು ವತ್ಸಲಾಬಾಯಿ.

"ಹೋಗಲಿ ಬಿಡು. ಅದಕ್ಕ ಇನ್ನೂ ಹಳೇ ವಾಲ್ವ್ ಅವ," ಎಂದರು ರಾಯರು.

ವತ್ಸಲಾಬಾಯಿ ಆ ದಿನ ಧಾರವಾಡ ಮುಟ್ಟಲೇಬೇಕಾಗಿತ್ತು. ಅಕ್ಕ ಕುಸುಮಾಬಾಯಿಯ ಗಂಟಲಲ್ಲಿ ಗಡ್ಡೆ. ಮಧ್ಯಾಹ್ನದ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಉಸಿರು ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಅವ್ವನ ಕೊನೆಗಾಲದಲ್ಲಿ ಯಾರು ಹೆಚ್ಚು ದುಡಿದರೆಂಬ ಜಗಳದಿಂದ ಅಕ್ಕತಂಗಿಯರು ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಹಿಂದಿನ ದಿನ ಅಕ್ಕನ ಸೊಸೆ ಮಂದಾಕಿನಿ ಫೋನ್ ಮಾಡಿದ್ದಳು. ದನಿ ಹೋಗುವ ಮುಂಚೆ ಅತ್ತೆಗೆ ತಂಗಿಯ ಹತ್ತಿರ ಒಂದು ಮಾತು ಆಡಬೇಕಾಗಿದೆಯಂತೆ, ಫೋನಿನಲ್ಲಿ ಒಲ್ಲರಂತೆ, ಎದುರಿಗೇ ಆಗಬೇಕಂತೆ.

ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿ ನಿವೃತ್ತರಾದ ರಾಯರಿಗೆ ಎಂಜಿನ್ನಿನ ಸಾಮಾನ್ಯ ವಾಲ್ವ್‌ಗಳನ್ನು ಕಂಡರಾಗದು. ಅಣಬೆಯಂಥ ಆ ತುಂಡುಗಳು ಸ್ಪ್ರಿಂಗಿನ ಹೊಡೆತಕ್ಕೆ ದಿನವಿಡೀ ಕುಪ್ಪಳಿಸುವುದು ಅವರ ಪ್ರಕಾರ ಲೋಹಕ್ಕೆ ಮಾಡುವ ಅವಮಾನ. ಬದಲಿಗೆ ತೂತು ಕೊರೆದ ಉಕ್ಕಿನ ಕೊಳವೆಯೊಂದು ಸುಮ್ಮನೆ ತಿರುಗಬೇಕು. ಒಂದು ತೂತು ಸಿಲಿಂಡರಿಗೆ ಎದುರಾದಾಗ ಗಾಳಿ ಒಳಕ್ಕೆ, ಇನ್ನೊಂದು ಎದುರಾದಾಗ ಹೊಗೆ ಹೊರಕ್ಕೆ. ಇಷ್ಟನ್ನು ಬೇರೆಯವರೂ ಮಾಡಿ ನೋಡಿದ್ದರು. ತಮ್ಮ ಕಾರಿಗೆ ಅಂಥ ಕೊಳವೆ ಕೂಡಿಸಿ, ಅದನ್ನು ತಿರುಗಿಸುವ ಮೋಟಾರಿಗೆ ತಾನಾಗಿ ಕಲಿಯುವ ಚಿಪ್ ಜೋಡಿಸಿ, ಅದಕ್ಕೆ ಉಸಿರಾಟದ ಪಾಠ ಹೇಳಿದ್ದು ಮಾತ್ರ ರಾಯರೇ. ಒಂದು ತಿಂಗಳು ಸಂಧ್ಯಾವಂದನೆಗೆ ಕೂತಾಗಲೆಲ್ಲ ಮೂಗಿನ ಕೆಳಗೆ ಸೆನ್ಸರ್ ಕಟ್ಟಿಕೊಂಡು ಪ್ರಾಣಾಯಾಮ ಮಾಡಿದ್ದರು. ಪೂರಕದಲ್ಲಿ ಉಸಿರು ಎಳೆಯುವುದು, ಕುಂಭಕದಲ್ಲಿ ತಡೆಯುವುದು, ರೇಚಕದಲ್ಲಿ ಬಿಡುವುದು. ಎಂಜಿನ್ನಾದರೂ ಮಾಡುವುದು ಇನ್ನೇನನ್ನು ಎಂದು ಅವರ ವಾದ. ಜೊತೆಗೆ ಚಿಪ್‌ಗೆ ಒಂದೇ ಆಜ್ಞೆ ಕೊಟ್ಟಿದ್ದರು: ಪೆಟ್ರೋಲ್ ಉಳಿಸು.

ಅರ್ಧ ದಾರಿ ಕಾರು ಹಂಸದಂತೆ ಹೋಯಿತು. ಆಮೇಲೆ ಎಂಜಿನ್ ಆಗಾಗ ಕ್ಷಣ ಹೊತ್ತು ಸ್ತಬ್ಧವಾಗಿ ಮತ್ತೆ ಶುರುವಾಗತೊಡಗಿತು. ಕುಂಭಕ ಕಲಿಯುತ್ತಿದೆ ಎಂದು ರಾಯರು ಹಿಗ್ಗಿದರು. ಉಸಿರು ಹಿಡಿದಷ್ಟು ಹೊತ್ತು ಪೆಟ್ರೋಲ್ ಖರ್ಚೇ ಇಲ್ಲ ಎಂಬುದನ್ನು ಚಿಪ್ ಕಂಡುಕೊಂಡಿತ್ತು. ಮುಗದ ಊರು ದಾಟಿದ ಮೇಲಿನ ಏರಿನಲ್ಲಿ ಅದು ಎಲ್ಲ ತೂತುಗಳನ್ನೂ ಮುಚ್ಚಿಕೊಂಡು ಕೂತುಬಿಟ್ಟಿತು.

"ನಿಂತತೇನು?" ವತ್ಸಲಾಬಾಯಿ ಕೇಳಿದರು.

"ನಿಂತಿಲ್ಲ. ತಡಕೊಂಡದ."

"ಎಷ್ಟೊತ್ತು ತಡಕೋತದ?"

"ಅದು ಅದರ ಸಾಧನಾದ ಮ್ಯಾಲ," ಎಂದರು ರಾಯರು ಗಂಭೀರವಾಗಿ.

ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿಸಿ ಗೇರಿಗೆ ಹಾಕಿದರೆ ಎಚ್ಚರವಾದೀತೆಂದು ರಾಯರು ಬ್ರೇಕ್ ಬಿಟ್ಟರು. ಎಚ್ಚರವೇನೋ ಆಯಿತು, ಆದರೆ ಎಂಜಿನ್ ಉಲ್ಟಾ ತಿರುಗತೊಡಗಿತ್ತು. ಹಳೆಯ ವಾಲ್ವ್‌ಗಳಾಗಿದ್ದರೆ ಅದು ಕೆಮ್ಮಿ ನಿಲ್ಲುತ್ತಿತ್ತು. ಚಿಪ್ ಜಾಣ, ಉಲ್ಟಾ ಕ್ರಮವನ್ನೂ ಕಲಿತುಬಿಟ್ಟಿತು. ಎಂಜಿನ್ ಈಗ ಸೈಲೆನ್ಸರಿನಿಂದ ಗಾಳಿ ಎಳೆದು ಮುಂದಿನಿಂದ ಹೊಗೆ ಬಿಡುತ್ತಿತ್ತು. ಮುಂದೆ ಹೋಗುವ ಗೇರುಗಳೆಲ್ಲ ಹಿಂದಕ್ಕೊಯ್ಯುತ್ತಿದ್ದವು. ಮುಗದದ ಕೆರೆ ಹತ್ತಿರವಾಗುತ್ತ ಬಂದಾಗ ರಾಯರಿಗೆ ಲೆಕ್ಕ ಹೊಳೆದು ರಿವರ್ಸ್ ಗೇರ್ ಹಾಕಿದರು. ಕಾರು ಎತ್ತಿನ ಬಂಡಿಯ ವೇಗದಲ್ಲಿ ಧಾರವಾಡದ ಕಡೆ ಹೊರಟಿತು.

ನಿಲ್ಲಿಸಿದರೆ ಮತ್ತೆ ಕುಂಭಕ ಹಿಡಿದೀತೆಂದು ರಾಯರು ನಿಲ್ಲಿಸಲೊಲ್ಲರು. ವತ್ಸಲಾಬಾಯಿಯ ಮೊಣಕಾಲು ಹಾರಿ ಇಳಿಯುವಂಥದ್ದಲ್ಲ. ಹೊಗೆಯಲ್ಲಿ ಕೆಮ್ಮುತ್ತ ಅವರು ಹಿಂದಿನಿಂದ ಬಂದ ಟೆಂಪೋದವನಿಗೆ ಕಿಟಕಿಯಿಂದ ಕೈ ಮಾಡಿದರು. ಅವನೂ ಕೈ ಬೀಸಿ ಮುಂದೆ ಹೋದ. ಅಕ್ಕ ಕರೆದಾಗ "ಒತ್ಸಲಾ" ಎನ್ನುತ್ತಿದ್ದಳೋ "ವಚ್ಚೀ" ಎನ್ನುತ್ತಿದ್ದಳೋ ಎಂದು ನೆನಪಿಸಿಕೊಳ್ಳಲು ನೋಡಿದರು. ಹೆಸರು ನೆನಪಾಯಿತು, ದನಿ ನೆನಪಾಗಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ರಾಯರು ಬ್ರೇಕ್ ಒತ್ತಿದರು, ಕೀಲಿ ತೆಗೆದರು. ಕಾರು ನಿಲ್ಲಲಿಲ್ಲ. ಚಿಪ್ ತಡೆಯುವುದನ್ನು ಮರೆತು ಉಸಿರಾಡುವುದನ್ನೇ ಹಿಡಿದಿತ್ತು. ಕಾವಲುಗಾರ ಓಡಿಬಂದು ಬಾಗಿಲು ತೆಗೆದು ವತ್ಸಲಾಬಾಯಿಯನ್ನು ಎತ್ತಿ ಇಳಿಸಿಕೊಂಡ. ಕಾರು ರಾಯರನ್ನು ಕರೆದುಕೊಂಡು ಬೇವಿನ ಮರವನ್ನು ಸುತ್ತತೊಡಗಿತು.

ಮೇಲಿನ ಮಹಡಿಯಲ್ಲಿ ಮಂದಾಕಿನಿ ಒಬ್ಬಳೇ ಬೆಂಚಿನ ಮೇಲಿದ್ದಳು. ಡಾಕ್ಟರು ಬಾಗಿಲಲ್ಲೇ ಸ್ವಲ್ಪ ಹೊತ್ತು ಕಾದರಂತೆ. ಆಮೇಲೆ ಅತ್ತೆಯನ್ನು ಒಳಗೆ ಒಯ್ದರಂತೆ.

"ಏನರ ಅಂದಳೇನ?" ವತ್ಸಲಾಬಾಯಿ ಕೇಳಿದರು.

ಮಂದಾಕಿನಿ ಸೆರಗಿನ ತುದಿ ತಿರುವಿದಳು. "ಅಂದ್ರು. 'ವತ್ಸಲಾ ಬಂದ ಬರ್ತಾಳ. ಆ ಗಾಡಿ ಎಲ್ಲೋ ಕೆಟ್ಟಿರಬೇಕು. ತಡಾ ಮಾಡಿದಿ ಅಂತ ಆಕಿಗೆ ಯಾರೂ ಅನಬ್ಯಾಡ್ರಿ.' ಅಷ್ಟ ಅಂದ್ರು. ಆಮ್ಯಾಲೆ ಬಾಗಲಾ ಹಾಕಿದ್ರು."

ವತ್ಸಲಾಬಾಯಿ ಬೆಂಚಿನ ಮೇಲೆ ಕೂತರು. ಕೆಳಗೆ ರಾಯರು ಒಂದು ಲೀಟರಿಗೆ ಎಷ್ಟು ದೂರ ಬಂತೆಂದು ಕಾವಲುಗಾರನಿಗೆ ಕೂಗಿ ಹೇಳುತ್ತ ಮತ್ತೊಂದು ಸುತ್ತು ಹಾಕಿದರು. ಹನ್ನೊಂದು ವರ್ಷ ಕಾದ ಮೇಲೆ ಅಕ್ಕನಿಂದ ಬಂದದ್ದು ಮೂರು ಮಾತು, ಅದರಲ್ಲೂ ನಡುವಿನದನ್ನು ಗಾಡಿ ತಿಂದಿತ್ತು.