ಬಸಪ್ಪನ ಮೇಲೆ ನಾನು ನಡೆಸಿದ ವಿಚಾರಣೆ

ಮಾಲಕನಾಗುವುದು ಸುಲಭ, ಮಾಲಕನ ಹಾಗೆ ಸಿಟ್ಟು ಮಾಡುವುದು ಕಷ್ಟ. ಇಚಲಕರಂಜಿಯಲ್ಲಿ ನಾಲ್ಕು ಮಗ್ಗ ಹಾಕಿಕೊಂಡವನನ್ನು ಊರೆಲ್ಲ ‘ಸಾವಕಾರ’ ಎನ್ನುತ್ತದೆ, ನಿಜ. ಆದರೆ ಅವನು ಕೂಗಾಡಿದ್ದು ಮಗ್ಗದ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ನಮ್ಮ ಅಪ್ಪನ ಕಾಲ ಚೆನ್ನಾಗಿತ್ತು. ಸಿಟ್ಟು ಬಂದರೆ ‘ನಾಳೆಯಿಂದ ಬರಬ್ಯಾಡ’ ಎನ್ನುವುದು, ಸಿಟ್ಟು ಇಳಿದರೆ ಕರೆಸಿ ಚಹಾ ಕುಡಿಸುವುದು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿಗೆ ಕೋರ್ಟುಗಳು ಆ ಸುಖಕ್ಕೂ ಕಲ್ಲು ಹಾಕಿದವು.

ಬಸಪ್ಪ ರಾಯಬಾಗದ ಕಡೆಯವ, ನಮ್ಮಲ್ಲಿ ಎರಡು ಮಗ್ಗ ನಡೆಸುತ್ತಿದ್ದ. ಹೆಂಡತಿ ಮಕ್ಕಳೊಂದಿಗೆ ಪಕ್ಕದ ಕೊರೋಚಿಯ ಬಾಡಿಗೆ ಖೋಲಿಯಲ್ಲಿದ್ದ. ಒಂದು ಸಂಜೆ ನಾನು ಪೇಟೆಯಿಂದ ಬೇಗ ಬಂದು ನೋಡಿದರೆ ಅವನ ಮಗ್ಗ ನಿಂತಿವೆ, ಅವನು ನಾಪತ್ತೆ. ಮರುದಿನವೂ ಅದೇ ಕಥೆ. ಕೇಳಿದರೆ “ಸ್ವಲ್ಪ ಕೆಲಸ ಇತ್ರಿ” ಎಂದ. ಇವನನ್ನು ತೆಗೆದೇಬಿಡುವುದೆಂದು ಕೊಲ್ಹಾಪುರದ ವಕೀಲರ ಹತ್ತಿರ ಹೋದೆ. ಅವರು ಮರಾಠಿಯಲ್ಲಿ “ಆಧೀ ಚೌಕಶೀ, ಮಗ ಶಿಕ್ಷಾ” ಎಂದರು. ಮೊದಲು ವಿಚಾರಣೆ, ಆಮೇಲೆ ಶಿಕ್ಷೆ. ಈಚಿನ ತೀರ್ಪುಗಳ ಪ್ರಕಾರ ತಪ್ಪೇನೆಂದು ತಿಳಿಸಬೇಕು, ಅವನ ಮಾತು ಕೇಳಬೇಕು, ಸಾಕ್ಷಿ ಕರೆಯಲು ಬಿಡಬೇಕು. ಇಲ್ಲದಿದ್ದರೆ ಕೋರ್ಟೇ ಅವನನ್ನು ತಂದು ಮತ್ತೆ ನಿಮ್ಮ ಮಗ್ಗದ ಮುಂದೆ ನಿಲ್ಲಿಸುತ್ತದೆ. “ಮತ್ತೆ, ಮೊದಲೇ ತೀರ್ಮಾನ ಮಾಡಿಕೊಂಡು ಕೂಡಬೇಡಿ” ಎಂದೂ ಹೇಳಿದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಿಷ್ಪಕ್ಷಪಾತದ ಮುಖ ಮಾಡುವುದನ್ನು ರೂಢಿ ಮಾಡಿಕೊಂಡೆ.

ವಿಚಾರಣೆ ನಡೆದದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಮಳೆಗಾಲದ ಒಂದು ಸಂಜೆ. ಬಸಪ್ಪನಿಗೂ ಕುರ್ಚಿ ಹಾಕಿಸಿದೆ. ಅವನು ಅದರ ತುದಿಯಲ್ಲಿ ಕೂತು ಎರಡೂ ಕೈ ಮೊಣಕಾಲಿಗೆ ಒತ್ತಿ ಹಿಡಿದಿದ್ದ. ಕೆಲಸ ಹೋದರೆ ಅವನ ಮನೆಯ ಒಲೆ ಉರಿಯುವುದಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ನಿಷ್ಪಕ್ಷಪಾತದ ಮುಖ ಮಾಡಿ ಕೇಳಿದೆ:

“ಸಂಜೀ ಮುಂದ ಮಗ್ಗ ನಿಂದ್ರಿಸಿ ಎಲ್ಲಿ ಹೋಗ್ತಿ?”

“ಅದನ್ನ ಹೇಳಾಕ ಬರಂಗಿಲ್ರಿ.”

“ಹೇಳದಿದ್ರ ಕೆಲಸ ಹೋಗ್ತೈತಿ, ನೋಡು.”

“ಏನ್ ಮಾಡ್ಲಿರಿ, ಮಾತು ಕೊಟ್ಟೇನಿ.”

“ಸಾಕ್ಷಿ ಯಾರರ ಅದಾರೇನು?”

“ಅದಾರ್ರಿ. ಆದ್ರ ಅವರನ್ನ ಕರಿಯಂಗಿಲ್ಲ.”

ಸಾಕ್ಷಿ ಇದ್ದೂ ಕರೆಯದವನನ್ನು ಏನು ಮಾಡಬೇಕೆಂದು ವಕೀಲರು ಹೇಳಿರಲಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಬಸಪ್ಪ ಬಾಗಿಲಾಚೆ ಮೋಡದ ಕಡೆ ನೋಡಿದ. ನನ್ನ ಅಪ್ಪಣೆ ಕೇಳದೆ ಎದ್ದು ಸೀದಾ ಅಡಿಗೆಮನೆಯ ಹೊಸ್ತಿಲಿಗೆ ಹೋಗಿ, ಒಳಗಿದ್ದ ನನ್ನ ಅವ್ವನಿಗೆ ಮೆಲ್ಲಗೆ ಹೇಳಿದ: “ಅವ್ವಾರ, ಹೊತ್ತು ಮುಳುಗಾಕ ಬಂತ್ರಿ. ಉಣ್ಣಾಕ ಏಳ್ರಿ.”

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವ್ವ ಹನಿ ನೀರೂ ಮುಟ್ಟುವವಳಲ್ಲ. ಅವಳ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದು, ಗಡಿಯಾರದ ಮುಳ್ಳಾಗಲಿ ಸಂಜೆಯ ಬೆಳಕಾಗಲಿ ಕಾಣದಂತಾಗಿತ್ತು. ನನಗೆ ತಿಳಿದರೆ ಮಿರಜಿನ ಆಸ್ಪತ್ರೆಗೆ ಒಯ್ದು ಕಣ್ಣು ಕೊಯ್ಯಿಸಿಬಿಡುತ್ತೇನೆಂಬ ಹೆದರಿಕೆ ಅವಳಿಗೆ. ನನ್ನ ಹೆಂಡತಿ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಹೀಗಾಗಿ ಬಸಪ್ಪನಿಂದ ಆಣೆ ಮಾಡಿಸಿಕೊಂಡು ಅವನನ್ನೇ ತನ್ನ ಸೂರ್ಯನನ್ನಾಗಿ ಇಟ್ಟುಕೊಂಡಿದ್ದಳು. ಇದೆಲ್ಲ ಅವಳು ತಡವರಿಸಿ ರೊಟ್ಟಿ ಮುರಿಯುತ್ತ ಒಂದೊಂದೇ ಒಪ್ಪಿಕೊಂಡಾಗ ನನಗೆ ತಿಳಿಯಿತು. ಭಾಳ ಸಂಕಟವಾಯಿತು.

“ನನಗ್ಯಾಕ ಹೇಳಲಿಲ್ಲವ್ವಾ?”

“ನೀ ದಿನಾ ದೀಪಾ ಹಚ್ಚಿದ ಮ್ಯಾಲ ಮನಿಗೆ ಬರಾಂವ. ನಿನ್ನ ನಂಬಿದ್ರ ನನಗ ದಿನಾ ಉಪಾಸ” ಎಂದಳು ಅವ್ವ.

ತೀರ್ಪು ಕೊಡದೆ ವಿಧಿಯಿರಲಿಲ್ಲ, ಕೊಟ್ಟೆ. ಅವ್ವನ ಕಣ್ಣು ನೆಟ್ಟಗಾಗುವವರೆಗೆ ಬಸಪ್ಪ ಸಂಜೆ ಬಂದು ಅವಳನ್ನು ಊಟಕ್ಕೆ ಎಬ್ಬಿಸಬೇಕು; ಅಷ್ಟು ಹೊತ್ತು ಅವನ ಮಗ್ಗ ನಿಲ್ಲದಂತೆ ಬದಲಿಯಾಗಿ ನಾನು ನಿಲ್ಲಬೇಕು. ಕಾನೂನಿಗೂ ತೃಪ್ತಿ, ಅವ್ವನಿಗೂ ತೃಪ್ತಿ. ಮರುಸಂಜೆ ಧೋತರದ ಕಚ್ಚೆ ಬಿಗಿದು ಮಗ್ಗದ ಮುಂದೆ ನಿಂತೆ. ಒಂದು ಎಳೆ ಹರಿಯಿತು. ಅದಕ್ಕೆ ಗಂಟು ಹಾಕುವಷ್ಟರಲ್ಲಿ ಹತ್ತಾರು ಹರಿದವು, ಲಾಳಿ ಹಾರಿ ಹೋಗಿ ಮೂಲೆ ಸೇರಿತು. ಬಸಪ್ಪ ತಿರುಗಿ ಬಂದವನೇ ಬಟ್ಟೆಯ ಮೇಲೆ ಕೈಯಾಡಿಸಿದ. ನನ್ನ ಮುಖ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ:

“ಸಾವಕಾರ್ರ, ಬದಲಿ ಮನಶ್ಯಾಗೂ ಮೊದಲ ಚೌಕಶೀನ ಮಾಡಬೇಕೇನ್ರಿ, ಇಲ್ಲಾ ಸೀದಾ ತಗದ್ರ ನಡೀತೈತ್ರಿ?”