ಪುಟ್ಟಮಾದಯ್ಯನವರ ಮೈದಾನಕ್ಕೆ ಬಂದ ಧಾವಕ

ಇನ್ನೊಬ್ಬರ ಕೈಯಲ್ಲಿದ್ದ ಪುಸ್ತಕ ಕಿತ್ತುಕೊಂಡು ಓಡುವುದನ್ನು ಯಾವ ಮರ್ಯಾದಸ್ಥರ ಮನೆಯಲ್ಲೂ ಕಲಿಸುವುದಿಲ್ಲ. ವಾರಿಜಾ ಮೇಡಂ ಅದನ್ನು ಒಂದು ಯಂತ್ರಕ್ಕೆ ಕಲಿಸಿದ್ದರು. ಹಳೇ ಪ್ರೆಷರ್ ಕುಕ್ಕರಿನ ಹೊಟ್ಟೆ, ಮಕ್ಕಳ ಮೂರು ಚಕ್ರದ ಸೈಕಲ್ಲಿನ ಗಾಲಿ, ಇಕ್ಕಳದಂಥ ಎರಡು ಕೈ. ಸೋಮವಾರ ಬೆಳಿಗ್ಗೆ ಏಳೂವರೆಗೆ ಅದನ್ನು ಕಾಲೇಜಿನ ಮೈದಾನಕ್ಕೆ ತಂದು ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಕಡೆ ಹೆಮ್ಮೆಯಿಂದ ನೋಡಿದರು.

"ಇದರ ಹೆಸರು ಧಾವಕ," ಎಂದರು.

"ನಮ್ಮನೆ ಕುಕ್ಕರ್ ಇದ್ದಂಗಿದೆ. ಮೂರು ದಿನದಿಂದ ಬೇಳೆ ಯಾಕೆ ಬೇಯ್ತಿಲ್ಲ ಅಂತ ಈಗ ಗೊತ್ತಾಯ್ತು," ಎಂದರು ಪುಟ್ಟಮಾದಯ್ಯ.

"ಬೇಳೆ ಹೆಂಗೋ ಬೇಯುತ್ತೆ. ನಿಮ್ಮ ಮೈದಾನ ಉಳೀಬೇಕೋ ಬೇಡ್ವೋ ಹೇಳಿ."

ಪುಟ್ಟಮಾದಯ್ಯ ಕುಕ್ಕರಿನ ಮಾತು ಅಲ್ಲಿಗೇ ಬಿಟ್ಟರು. ಅವರು ಆ ಪದವಿಪೂರ್ವ ಕಾಲೇಜಿನ ಪಿ.ಟಿ. ಮಾಸ್ತರು. ಇಪ್ಪತ್ತೆರಡು ವರ್ಷದಿಂದ ಆ ಮೈದಾನಕ್ಕೆ ಸುಣ್ಣದ ಗೆರೆ ಎಳೆದವರು ಅವರೇ, ಮುಳ್ಳು ಕಿತ್ತವರೂ ಅವರೇ. ಹಿಂದಿನ ಶುಕ್ರವಾರ ಪ್ರಿನ್ಸಿಪಾಲ್ ನಂಜರಾಜಯ್ಯ ಅವರನ್ನು ಕರೆದು ಕೂರಿಸಿ, ಮೈದಾನಕ್ಕೆ ಒಂದು ನರಪಿಳ್ಳೆಯೂ ಬರುತ್ತಿಲ್ಲ, ಅಲ್ಲೊಂದು ತಗಡಿನ ಷೆಡ್ಡು ಹಾಕಿಸಿ ಸಿಇಟಿ ಕೋಚಿಂಗ್ ಶುರು ಮಾಡುತ್ತೇನೆ ಎಂದಿದ್ದರು. ಪುಟ್ಟಮಾದಯ್ಯನವರ ಮುಖ ನೋಡಲಾಗದೆ ಒಂದು ವಾರದ ಗಡುವನ್ನೂ ಕೊಟ್ಟಿದ್ದರು. ಬರುವ ಶನಿವಾರ ತಾವೇ ಬಂದು ತಲೆ ಎಣಿಸುತ್ತಾರೆ. ಐವತ್ತು ಮಕ್ಕಳು ಓಡುತ್ತಿದ್ದರೆ ಮೈದಾನ ಉಳಿಯುತ್ತದೆ. ಅಂದಿನಿಂದ ಪುಟ್ಟಮಾದಯ್ಯನವರಿಗೆ ಊಟ ಸೇರುತ್ತಿರಲಿಲ್ಲ.

ಮಕ್ಕಳು ಯಾಕೆ ಬರುವುದಿಲ್ಲ ಎಂಬುದು ಕಾಲೇಜಿಗೆಲ್ಲ ಗೊತ್ತಿದ್ದ ವಿಷಯ. ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪಿ.ಟಿ. ಪೀರಿಯಡ್ ಇದ್ದವು. "ಸಾರ್, ಪೋರ್ಷನ್ ಮುಗಿದಿಲ್ಲ, ಇವತ್ತೊಂದಿನ ಬಿಟ್ಕೊಡಿ" ಎಂದು ಗಣಿತದ ವೆಂಕಟಾಚಲ ಪ್ರತಿವಾರ ಒಂದನ್ನು ಹೊಡೆದುಕೊಂಡು ಹೋಗುತ್ತಿದ್ದರು. ಇನ್ನೊಂದು ಭೌತಶಾಸ್ತ್ರದ ಪಾಲು, ಮತ್ತು ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು ಸ್ವತಃ ವಾರಿಜಾ ಮೇಡಂ. ತಟ್ಟೆಗೆ ಉಪ್ಪಿಟ್ಟು ಹಾಕುತ್ತ ಹೆಂಡತಿ ಒಂದು ಪೀರಿಯಡ್ ಕೇಳಿದರೆ ಇಲ್ಲ ಎನ್ನುವ ಗಂಡಸು ಎಲ್ಲಿದ್ದಾನೆ? ಮೈದಾನ ಹೋಗುತ್ತದೆಂದು ತಿಳಿದಾಗ ಮೇಡಂಗೆ ಒಳಗೇ ಚುರುಕ್ ಎಂದಿತ್ತು. ಧಾವಕ ಹುಟ್ಟಿದ್ದು ಆ ಚುರುಕಿನಿಂದ.

ಮೆಟ್ಟಿಲ ಮೇಲೆ ದ್ವಿತೀಯ ಪಿಯುಸಿಯ ಸಿಂಚನಾ ರಸಾಯನಶಾಸ್ತ್ರದ ನೋಟ್ಸ್ ಹಿಡಿದು ಉಗುರು ಕಚ್ಚುತ್ತ ಕೂತಿದ್ದಳು. ವಾರಿಜಾ ಮೇಡಂ ಅವಳ ಕಡೆ ಕಣ್ಣು ತೋರಿಸಿದರು.

"ಇದಕ್ಕೆ ಎದೆಬಡಿತ ದೂರದಿಂದಲೇ ಕೇಳುತ್ತೆ. ಯಾರಿಗೆ ಗಾಬರಿ ಜಾಸ್ತಿಯೋ ಅವರ ಕೈಯಲ್ಲಿರೋದನ್ನ ಕಿತ್ಕೊಂಡು ಓಡುತ್ತೆ. ಅವರು ಹಿಂದೆ ಓಡ್ತಾರೆ. ಗಾಬರಿ ಇಳೀತಿದ್ದಂಗೆ ವಾಪಸ್ ಕೊಡುತ್ತೆ."

"ಓಡಿದ್ರೂ ಎದೆ ಹೊಡ್ಕೊಳ್ಳುತ್ತಲ್ಲೇ?"

"ಓಡೋ ಬಡಿತ ಬೇರೆ, ಹೆದರೋ ಬಡಿತ ಬೇರೆ. ಅಷ್ಟೂ ಗೊತ್ತಾಗದೆ ಇರೋಕೆ ಅದೇನು ಮನುಷ್ಯನಾ?"

"ಗಾಬರಿ ಇಳೀಲೇ ಇಲ್ಲ ಅಂದ್ರೆ?"

"ಓಡ್ತಾನೇ ಇರುತ್ತೆ. ವ್ಯಾಯಾಮ ತಾನೇ, ಒಳ್ಳೇದೇ."

ಮಾತು ಮುಗಿಯುವಷ್ಟರಲ್ಲಿ ಧಾವಕ ಗರ್‍ರೆಂದು ಹೋಗಿ ಸಿಂಚನಾಳ ನೋಟ್ಸ್ ಕಸಿದುಕೊಂಡು ಓಟ ಕಿತ್ತಿತು. "ಮಿಸ್, ನನ್ನ ನೋಟ್ಸು!" ಎಂದು ಅವಳೂ ಚಪ್ಪಲಿ ಬಿಟ್ಟು ಹಿಂದೆ ಬಿದ್ದಳು. ಮೊದಲ ಸುತ್ತು ಅಳುಮೋರೆ. ಎರಡನೆಯ ಸುತ್ತಿನಲ್ಲಿ ನಗು ಬಂತು. ಯಂತ್ರ ಗಕ್ಕನೆ ನಿಂತು ನೋಟ್ಸನ್ನು ಅವಳ ಕೈಗಿಟ್ಟಿತು.

"ಸಾರ್, ನಾನು ಓಡಿ ವರ್ಷದ ಮೇಲಾಯ್ತು. ನಾಳೆನೂ ಬರ್ಲಾ?" ಎಂದಳು ಏದುಸಿರು ಬಿಡುತ್ತ. "ಬಾರಮ್ಮ, ಬಾ," ಎಂದರು ಪುಟ್ಟಮಾದಯ್ಯ.

ಮಂಗಳವಾರ ಹದಿನಾಲ್ಕು ಮಕ್ಕಳು ಓಡಿದರು, ಬುಧವಾರ ಮೂವತ್ಮೂರು. ಗುರುವಾರ ಪುಟ್ಟಮಾದಯ್ಯ ಕಚೇರಿಯ ಕೆಲಸದ ಮೇಲೆ ಹೊರಗೆ ಹೋಗಿದ್ದರು. ಸಂಜೆ ಬಂದು ನೋಡಿದರೆ, ವಾಪಸ್ ಕೊಟ್ಟ ಪುಸ್ತಕಗಳ ಲೆಕ್ಕ ತೋರಿಸುವ ಧಾವಕದ ಬೆನ್ನಿನ ಮೇಲೆ ಎಪ್ಪತ್ತೆಂಟು ಎಂದಿತ್ತು. ಅಂದು ಎಷ್ಟೋ ದಿನಗಳ ಮೇಲೆ ಅವರು ಎರಡು ಮುದ್ದೆ ಉಂಡರು.

ಶುಕ್ರವಾರ ಮೈದಾನಕ್ಕೆ ಬಂದರೆ ಅಲ್ಲಿ ಓಡುತ್ತಿದ್ದವನು ಒಬ್ಬನೇ ಒಬ್ಬ, ಪ್ರಥಮ ಪಿಯುಸಿಯ ಮಂಜುಕಿರಣ. ಅವನ ಮುಂದೆ ಧಾವಕ ಗೋಣಿಚೀಲ ಎಳೆದುಕೊಂಡು ಓಡುತ್ತಿತ್ತು. ಚೀಲದ ತುಂಬ ಪುಸ್ತಕ.

"ಉಳಿದೋರೆಲ್ಲ ಎಲ್ಲೋ?"

"ಟ್ಯೂಷನ್ನಲ್ಲಿದಾರೆ ಸಾರ್. ನಾನು ಎಲ್ಲರ ಪ್ರಾಕ್ಸಿ. ನಿನ್ನೆನೂ ನಾನೇ ಓಡಿದ್ದು."

ಹಾಜರಿ ಕೂಗುವಾಗ ಪಕ್ಕದವನ ಪರವಾಗಿಯೂ "ಪ್ರೆಸೆಂಟ್ ಸಾರ್" ಎನ್ನುವುದು ಆ ಕಾಲೇಜಿನಲ್ಲಿ ಸ್ನೇಹಧರ್ಮ. ಮೈದಾನದಲ್ಲೂ ಅದನ್ನೇ ಪಾಲಿಸಿದ್ದರು. ಎಪ್ಪತ್ತೆಂಟು ಜನರ ಪುಸ್ತಕ ಕಳೆದುಹೋದರೆ ಏನು ಗತಿ ಎಂಬ ಗಾಬರಿ ಮಂಜುಕಿರಣನಿಗೆ ಚೆನ್ನಾಗಿಯೇ ಇದ್ದದ್ದರಿಂದ ಯಂತ್ರಕ್ಕೂ ಯಾವ ತಕರಾರಿರಲಿಲ್ಲ. ಎರಡು ದಿನಕ್ಕೆ ಹುಡುಗ ಅರ್ಧ ಆಗಿದ್ದ.

"ನಾಳೆ ಪ್ರಿನ್ಸಿಪಾಲ್ರು ತಲೆ ಎಣಿಸ್ತಾರೆ ಕಣೇ, ಪುಸ್ತಕ ಅಲ್ಲ," ಎಂದು ಪುಟ್ಟಮಾದಯ್ಯ ಮನೆಯಲ್ಲಿ ಕೈಚೆಲ್ಲಿ ಕೂತರು.

"ಯಂತ್ರಾನ ಮೈದಾನದೊಳಗೇ ಕಟ್ಟಿಹಾಕಿದ್ದು ನನ್ನ ತಪ್ಪು. ನಾಳೆ ಇಡೀ ಕಾಲೇಜಿಗೆ ಬಿಡ್ತೀನಿ. ಗಾಬರಿ ಎಲ್ಲಿದ್ಯೋ ಅಲ್ಲಿಗೇ ಹೋಗ್ಲಿ. ಅದೆಂಗೆ ಪ್ರಾಕ್ಸಿ ಮಾಡ್ತಾರೋ ನೋಡ್ತೀನಿ."

"ಕ್ಲಾಸ್ ರೂಮಿಗೇ ನುಗ್ಗುತ್ತಲ್ಲೇ?"

"ನುಗ್ಲಿ ಅಂತಾನೇ," ಎಂದು ವಾರಿಜಾ ಮೇಡಂ ಕುಕ್ಕರಿನ ತಳದ ಎರಡು ತಿರುಪು ತಿರುಗಿಸಿದರು.

ಶನಿವಾರ ಧಾವಕ ಮಕ್ಕಳ ಒಂದು ಕೋಣೆಗೂ ನುಗ್ಗಲಿಲ್ಲ. ಎಲ್ಲ ಬಾಗಿಲ ಮುಂದೆಯೂ ಒಂದು ಗಳಿಗೆ ನಿಂತು ಆಲಿಸಿ, ಮುಂದೆ ಹೋಗಿ, ಸೀದಾ ಉಪನ್ಯಾಸಕರ ಕೋಣೆ ಹೊಕ್ಕಿತು. ಪರೀಕ್ಷೆಗೆ ಹದಿನೆಂಟೇ ದಿನ ಬಾಕಿ. ಆ ಕಾಲೇಜಿನ ಅತಿ ದೊಡ್ಡ ಗಾಬರಿ ಇದ್ದದ್ದು ಅಲ್ಲಿ. ವೆಂಕಟಾಚಲರ ಕೈಯಲ್ಲಿದ್ದ ಗಣಿತದ ಪುಸ್ತಕ ಹೋಯಿತು. ಕನ್ನಡದ ಮೇಡಂ ತಿದ್ದದೆ ಇಟ್ಟುಕೊಂಡಿದ್ದ ಉತ್ತರಪತ್ರಿಕೆಗಳ ಕಟ್ಟು ಹೋಯಿತು. ತಲೆ ಎಣಿಸಲು ಹೊರಟಿದ್ದ ಪ್ರಿನ್ಸಿಪಾಲರು ವರಾಂಡದಲ್ಲಿ ಎದುರಾದರು. ಅವರು ಎದೆಗವಚಿಕೊಂಡಿದ್ದ ಫಲಿತಾಂಶದ ಕಡತವೂ ಹೋಯಿತು.

"ವಾರಿಜಾ ಮೇಡಂ, ಎರಡು ಅಧ್ಯಾಯ ಬಾಕಿ ಇದೆ ನಂದು, ಹಿಡೀರಿ ಅದನ್ನ!" ಎನ್ನುತ್ತ ವೆಂಕಟಾಚಲ ಪಂಚೆ ಎತ್ತಿ ಕಟ್ಟಿ ಓಡಿದರು. ಅವರ ಹಿಂದೆ ಕನ್ನಡ, ಕನ್ನಡದ ಹಿಂದೆ ಆಡಳಿತ. ಮೂವರೂ ಮೈದಾನ ಸುತ್ತತೊಡಗಿದ ಮೇಲೆ ಒಳಗೆ ಪಾಠ ಕೇಳುವ ಮಕ್ಕಳು ಎಲ್ಲಾದರೂ ಉಂಟೇ? ಮೊದಲು ಕಿಟಕಿಗಳು ತುಂಬಿದವು. ಆಮೇಲೆ ಸಿಂಚನಾ ಇಳಿದು ಬಂದು ಪ್ರಿನ್ಸಿಪಾಲರ ಪಕ್ಕ ಓಡುತ್ತ, "ಮೂಗಿಂದ ಉಸಿರು ತಗೊಳ್ಳಿ ಸಾರ್," ಎಂದಳು. ಆಮೇಲೆ ಇಡೀ ಕಾಲೇಜೇ ಇಳಿಯಿತು.

ಮೂರನೆಯ ಸುತ್ತಿಗೆ ಪ್ರಿನ್ಸಿಪಾಲರಿಗೆ ಫಲಿತಾಂಶ ಮರೆತುಹೋಗಿ, ಹುಡುಗರ ಜೊತೆ ಪಂದ್ಯ ಕಟ್ಟುವ ಹುಮ್ಮಸ್ಸು ಬಂತು. ಕಡತ ಕೈಗೆ ಬಂತು. ಉಳಿದಿಬ್ಬರಿಗೂ ಅವರವರದು ಸಿಕ್ಕಿತು. ಈಗ ಮೈದಾನದಲ್ಲಿ ಗಾಬರಿ ಉಳಿದಿದ್ದವರು ಒಬ್ಬರೇ. ಪುಟ್ಟಮಾದಯ್ಯ ಮೂಲೆಯಲ್ಲಿ ವಿಶಲ್ಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದರು. ಪ್ರಿನ್ಸಿಪಾಲರನ್ನೇ ಓಡಿಸಿದ ಮೇಲೆ ಮೈದಾನ ಹೋದಂತೆಯೇ ಎಂದು ಅವರ ಲೆಕ್ಕ. ಧಾವಕ ಅವರ ಕಡೆ ತಿರುಗಿ, ವಿಶಲ್ ಕಿತ್ತುಕೊಂಡು ಓಡಿತು.

ಮಕ್ಕಳನ್ನು ಓಡಿಸಿದ್ದೇ ಬಂತು, ತಾವು ಓಡಿ ಅವರಿಗೆ ಹನ್ನೊಂದು ವರ್ಷವಾಗಿತ್ತು. ಹೊಟ್ಟೆ ಒಂದು ಕಡೆ, ಕಾಲು ಒಂದು ಕಡೆ. ಆದರೂ ವಿಶಲ್ ಬಿಡುವ ಮನಸ್ಸಿಲ್ಲ. ಎರಡು ಸುತ್ತಾಯಿತು, ನಾಲ್ಕಾಯಿತು. ಯಂತ್ರ ಕೊಡಲೊಲ್ಲದು.

"ರೀ, ಮೈದಾನದ ಯೋಚನೆ ಬಿಡ್ರೀ, ಕೊಟ್ಬಿಡುತ್ತೆ!" ಎಂದು ವಾರಿಜಾ ಮೇಡಂ ಕೂಗಿದರು.

"ಬಿಡೋಕಾಗಲ್ವೇ," ಎಂದು ಹೇಳುತ್ತ ಅವರು ಮುಂದೆ ಹೋದರು.

ಮೇಡಂಗೆ ಅಳು ಬಂತು. ಪ್ರಿನ್ಸಿಪಾಲರ ಎದುರು ಹೋಗಿ ನಿಂತರು. "ಸಾರ್, ತಲೆ ಎಣಿಸ್ತೀನಿ ಅಂದಿದ್ರಲ್ಲ, ಎಣಿಸಿ."

"ಎಣಿಸೋದೇನು ಬಂತು ಮೇಡಂ, ಮುನ್ನೂರರ ಮೇಲಿದಾರೆ."

"ಹಂಗಾದ್ರೆ ಅದನ್ನ ಅವರಿಗೆ ಕೇಳೋ ಹಾಗೆ ಹೇಳಿ. ನನ್ನ ಯಜಮಾನ್ರು ಬಿದ್ದುಹೋಗ್ತಾರೆ."

ಪ್ರಿನ್ಸಿಪಾಲರು ಬಾಯಿಗೆ ಎರಡೂ ಕೈ ಅಡ್ಡಹಿಡಿದರು. "ಪುಟ್ಟಮಾದಯ್ಯನೋರೆ, ಷೆಡ್ಡು ಬೇಡ. ಮೈದಾನ ನಿಮ್ಮದೇ."

ಧಾವಕ ಥಟ್ಟನೆ ನಿಂತು ವಿಶಲ್ಲನ್ನು ಅವರ ಅಂಗೈಗಿಟ್ಟಿತು. ಪುಟ್ಟಮಾದಯ್ಯ ಸುಣ್ಣದ ಗೆರೆಯ ಮೇಲೆಯೇ ಕಾಲು ಚಾಚಿ ಕೂತರು. ಮೈಯೆಲ್ಲ ಬೆವರು, ಮನಸ್ಸೆಲ್ಲ ಹಗುರ. ಇಷ್ಟು ಸುಖವಾಗಿ ಕೂತು ಎಷ್ಟು ಕಾಲವಾಗಿತ್ತೋ.

"ಇನ್ಮೇಲೆ ನಿಮ್ಮ ಪೀರಿಯಡ್ ಕೇಳಲ್ಲ," ಎಂದರು ಮೇಡಂ, ಸೆರಗಿನಿಂದ ಅವರ ಹಣೆ ಒರೆಸುತ್ತ.

"ಉಪ್ಪಿಟ್ಟು ಹಾಕುವಾಗ ಹೇಳು, ನಂಬ್ತೀನಿ."

ಕಾಂಪೌಂಡಿನೊಳಗೆ ಗಾಬರಿ ಎಂಬುದೇ ಇಲ್ಲವಾಗಿತ್ತು. ಧಾವಕ ಸ್ವಲ್ಪ ಹೊತ್ತು ಕಾದು, ಬೇಸರ ಬಂದವರ ಹಾಗೆ ಗೇಟು ದಾಟಿ ಎದುರಿನ ಸರ್ಕಾರಿ ಕಚೇರಿಯ ಕಡೆ ಹೊರಟಿತು. ಅಲ್ಲಿ ಸೋಮವಾರ ಮೇಲಧಿಕಾರಿಗಳ ತಪಾಸಣೆ ಇತ್ತು. ಅರ್ಧ ಗಂಟೆಯಲ್ಲಿ ಅದು ಎದೆಯೆತ್ತರದ ಕಡತಗಳ ರಾಶಿ ಹೊತ್ತು ಮೈದಾನಕ್ಕೆ ವಾಪಸ್ಸಾಯಿತು. ಹಿಂದೆಯೇ ಒಂಬತ್ತು ಮಂದಿ ಗುಮಾಸ್ತರು, ಅವರ ಹಿಂದೆ ಸಾಹೇಬರು.

ಪುಟ್ಟಮಾದಯ್ಯ ಎದ್ದು ನಿಂತು ವಿಶಲ್ ಊದಿದರು.

"ಫೈಲ್ ಹಿಂದೆ ಓಡೋರೆಲ್ಲ ಗೋಡೆ ಪಕ್ಕ ಓಡಿ ಸ್ವಾಮಿ. ಮಧ್ಯದಲ್ಲಿ ಮಕ್ಕಳು ಕಬಡ್ಡಿ ಆಡ್ತಿದಾರೆ."