ಅಮ್ಮ ಮಾಡದ ಹಂದಿ ಸಾರು

ತಿನ್ನದೇ ಇದ್ದುದನ್ನು ತಿಂದೆ ಎನ್ನುವುದು, ತಿಂದದ್ದನ್ನು ತಿಂದಿಲ್ಲ ಎನ್ನುವುದಕ್ಕಿಂತ ಕಷ್ಟದ ಕೆಲಸ. ತಿಂದದ್ದನ್ನು ಮುಚ್ಚಿಡಲು ಬಾಯಿ ತೊಳೆದುಕೊಂಡರೆ ಸಾಕು. ತಿನ್ನದ್ದನ್ನು ತಿಂದೆನೆಂದು ಸಾಧಿಸಲು ಆಯುಷ್ಯವಿಡೀ ನೆನಪಿನ ಶಕ್ತಿ ಗಟ್ಟಿಯಾಗಿರಬೇಕು. ನನ್ನದು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೂ ಹಂದಿ ಸಾರಿನ ವಿಷಯದಲ್ಲಿ ಇಪ್ಪತ್ತೈದು ವರ್ಷ ಸಿಕ್ಕಿಬೀಳದೆ ದಾಟಿಕೊಂಡು ಬಂದಿದ್ದೆ.

ಶುರುವಾದದ್ದು ತೀರ್ಥಹಳ್ಳಿಯ ಹಾಸ್ಟೆಲ್ಲಿನಲ್ಲಿ. ಸೋಮವಾರ ಬೆಳಗ್ಗೆ ಊರಿನಿಂದ ವಾಪಸಾದ ಹುಡುಗರು ಹಿಂದಿನ ದಿನದ ಕಡುಬು, ಹಂದಿ ಸಾರುಗಳ ವರ್ಣನೆಗೆ ಕೂತರೆ ನಮ್ಮ ತಟ್ಟೆಯ ಉಪ್ಪಿಟ್ಟು ಗಂಟಲಲ್ಲೇ ನಿಲ್ಲುತ್ತಿತ್ತು. ಮೇಳಿಗೆಯ ನಮ್ಮ ಮನೆಯಲ್ಲಿ ಕೋಳಿ, ಮೀನು ನಡೆಯುತ್ತಿತ್ತು. ಹಂದಿ ಮಾತ್ರ ಹೊಸಿಲು ದಾಟುವಂತಿರಲಿಲ್ಲ. ಅಪ್ಪನಿಗೆ ಅದರ ವಾಸನೆಯೇ ಆಗದು. ಆದರೆ ಹದಿನೇಳನೆಯ ವಯಸ್ಸಿನಲ್ಲಿ ಇಂಥ ನಿಜ ಹೇಳಿ ಮರ್ಯಾದೆ ಕಳೆದುಕೊಳ್ಳುವವರು ಯಾರು? "ನಮ್ಮಮ್ಮ ಮಾಡಿದ್ದು ತಿಂದ್ರೆ ನೀವು ಎಲೆ ಬಿಟ್ಟು ಏಳಲ್ಲ ಕಣ್ರೋ" ಎಂದುಬಿಟ್ಟೆ. ಉಳಿದವರು ಮರೆತರು. ರೂಂಮೇಟ್ ದಿವಾಕರ ಮರೆಯಲಿಲ್ಲ.

ಈ ದಿವಾಕರ ಮಂಗಳೂರಿನ ಹೋಟೆಲುಗಳಲ್ಲಿ ಅಡುಗೆ ಮಾಡಿ ಪಳಗಿ, ಈಗ ಕೋಣಂದೂರಿನ ಹತ್ತಿರ ತನ್ನದೇ ಊಟದ ಮನೆ ತೆರೆಯಲು ಹೊರಟಿದ್ದ. ಹೋದ ತಿಂಗಳು ನಾನು ಹೊಸನಗರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅವನ ಫೋನು ಬಂತು.

"ಶುರು ಮಾಡಕ್ ಮುಂಚೆ ಸ್ನೇಹಿತರಿಗೆ ಒಂದು ಊಟ ಇಟ್ಕಂಡಿದೀನಿ ಮಾರಾಯ. ಟೇಸ್ಟಿಂಗ್ ಮೆನು. ಏಳು ತಟ್ಟೆ, ಒಂದಾದ್ಮೇಲೊಂದು, ಸ್ವಲ್ಪ ಸ್ವಲ್ಪ. ಎಲ್ಲ ಹಂದೀದೇ. ಕೊನೇ ತಟ್ಟೆ ನಿಮ್ಮಮ್ಮನ ಹೆಸರಲ್ಲೇ ಇಡ್ತೀನಿ. ಹೆಂಗೆ ಮಾಡ್ತಾರೆ, ಹೇಳು."

ಆ ಕ್ಷಣದಲ್ಲಾದರೂ ತಪ್ಪೊಪ್ಪಿಕೊಳ್ಳಬಹುದಿತ್ತು. ನಾನು ಅಮ್ಮ ಮಾಡುವ ಎಳೆ ಹಲಸಿನ ಪಲ್ಯವನ್ನು ನೆನಪಿಸಿಕೊಂಡು, ಹಲಸು ಎಂಬಲ್ಲೆಲ್ಲ ಹಂದಿ ಎಂದು ಸೇರಿಸಿ ಹೇಳುತ್ತ ಹೋದೆ. ಸೂಜಿಮೆಣಸು, ಹುರಿದ ಅಕ್ಕಿಪುಡಿ, ವಾಟೆಹುಳಿ. ಮಾತಿಗೆ ತೂಕ ಬರಲೆಂದು "ಹುಳಿ ಮೊದಲೇ ಹಾಕಿ ಬೇಯಿಸ್ಬೇಕು, ಗುಟ್ಟಿರೋದೇ ಅಲ್ಲಿ" ಎಂದೂ ಸೇರಿಸಿದೆ. ದಿವಾಕರ ಬರೆದುಕೊಂಡ. ಆಮೇಲೆ ಹೇಳಿದ: "ಅಮ್ಮಂಗೂ ಫೋನ್ ಮಾಡಿದ್ದೆ. ಬರ್ತೀನಿ ಅಂದ್ರು. ಅವ್ರ ಹೆಸ್ರಿನ ತಟ್ಟೆ ವಿಷ್ಯ ಮಾತ್ರ ಹೇಳಿಲ್ಲ, ಅಲ್ಲೇ ಗೊತ್ತಾಗ್ಲಿ."

ಅಮ್ಮ! ಹಂದಿಯ ಹೆಸರು ಕೇಳಿದರೆ ಎದ್ದು ಹೋಗುವವಳೆಂದು ನಾನು ತಿಳಿದಿದ್ದ ಅಮ್ಮ. ಅಪ್ಪ ತೀರಿಕೊಂಡು ಐದು ವರ್ಷವಾಗಿದ್ದರೂ ನಮ್ಮ ಅಡುಗೆಮನೆಯ ಕಾನೂನು ಬದಲಾಗಿರಲಿಲ್ಲ. ಬಹುಶಃ ಬರೀ ಊಟ ಎಂದು ಕೇಳಿಸಿಕೊಂಡು ಒಪ್ಪಿದ್ದಾಳೆ ಎಂದುಕೊಂಡೆ. ಊಟದ ದಿನ ಸಂಜೆ ಅವಳನ್ನು ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಮೂರು ಸಲ "ಅಮ್ಮಾ, ಒಂದು ವಿಷ್ಯ" ಎಂದು ಶುರುಮಾಡಿದೆ. ಮೂರು ಸಲವೂ ಅವಳು "ರಸ್ತೆ ನೋಡ್ಕಂಡು ಓಡ್ಸಾ" ಎಂದಳು.

ಉದ್ದದ ಮೇಜಿಗೆ ಹತ್ತು ಹನ್ನೆರಡು ಜನ ಕೂತಿದ್ದರು. ನನ್ನ ಪಕ್ಕದಲ್ಲಿ ಸಾಗರದ ಗಣಪತಿ ಭಟ್ಟ, ಅದೇ ಹಾಸ್ಟೆಲ್ಲಿನವನು, ಮಾಂಸ ಮುಟ್ಟದ ಹವ್ಯಕ. "ಯಂಗೆ ಕಡುಬು ಚಟ್ನಿ ಸಾಕು ಮಾರಾಯಾ" ಎಂದು ಮೊದಲೇ ಘೋಷಿಸಿ ನೆಮ್ಮದಿಯಾಗಿದ್ದ. ಸತ್ಯವಂತರಿಗೆ ಹಸಿವೂ ಚೆನ್ನಾಗಿ ಆಗುತ್ತದೆ.

ಮೊದಲ ತಟ್ಟೆ ಕಾಳುಮೆಣಸಿನಲ್ಲಿ ಹುರಿದ ಸಣ್ಣ ತುಂಡುಗಳು. ನಾನು ಒಂದನ್ನು ಮಾತ್ರೆಯಂತೆ ಬಾಯಿಗೆ ಹಾಕಿಕೊಂಡೆ. ಹಾಳಾದ್ದು, ಎಷ್ಟು ರುಚಿಯಾಗಿತ್ತು! ವರ್ಣಿಸುವುದರಲ್ಲೇ ಇಪ್ಪತ್ತೈದು ವರ್ಷ ಕಳೆದೆನಲ್ಲ ಎಂದು ಹೊಟ್ಟೆ ಉರಿಯಿತು. ಎರಡನೆಯದು ಪುಟ್ಟ ಬಟ್ಟಲಿನಲ್ಲಿ ಮೂಳೆಯ ತಿಳಿಸಾರು, ಆಮೇಲೆ ಕೆಂಡದಲ್ಲಿ ಸುಟ್ಟದ್ದು, ಕಡುಬಿನೊಳಗೆ ತುಂಬಿದ್ದು. ಪ್ರತಿ ಸಲವೂ ಅಮ್ಮನ ತಟ್ಟೆ ಖಾಲಿಯಾಗಿಯೇ ಒಳಗೆ ಹೋಗುತ್ತಿತ್ತು. ಯಾರಿಗೂ ಕಾಣದಂತೆ ಕೆಳಗೆ ಹಾಕುತ್ತಿದ್ದಾಳೇನೋ ಎಂದು, ಚಮಚ ಬೀಳಿಸಿ, ಎತ್ತಿಕೊಳ್ಳುವ ನೆಪದಲ್ಲಿ ಮೇಜಿನಡಿ ಬಗ್ಗಿ ನೋಡಿದೆ. ಚಮಚ ಬಿಟ್ಟರೆ ಏನೂ ಇರಲಿಲ್ಲ.

"ಮೊಕ ಎಂತಕ್ಕೆ ಹಾಂಗೆ ಬೆವರ್ತಿದ್ದು? ಖಾರ ಆತ?" ಎಂದ ಗಣಪತಿ.

ಏಳನೆಯ ತಟ್ಟೆಯನ್ನು ದಿವಾಕರ ತಾನೇ ಹೊತ್ತು ತಂದ. ಮುಖ ಬಾಡಿತ್ತು. "ಅಮ್ಮಾ, ಇದು ನಿಮ್ದು. ಇವ್ನು ಹೇಳಿದ ಹಂಗೇ ಮಾಡ್ದೆ. ಮೂರು ದಿನದಿಂದ ಮಾಡಿ ನೋಡ್ತಿದೀನಿ, ಎಷ್ಟು ಬೇಯ್ಸಿದ್ರೂ ಮೆತ್ತಗಾಗ್ತಿಲ್ಲ. ನಾಡಿದ್ದು ಹೋಟ್ಲು ಶುರು. ನಿಮ್ಮ ಹೆಸ್ರು ಬೋರ್ಡಲ್ಲೂ ಬರ್ಸಿಬಿಟ್ಟಿದೀನಿ."

ಅಮ್ಮ ಒಂದು ತುಂಡನ್ನು ಬೆರಳಲ್ಲಿ ಒತ್ತಿ ನೋಡಿದಳು.

"ಹುಳಿ ಯಾವಾಗ ಹಾಕ್ದೆ?"

"ಮೊದ್ಲೇ. ಇವ್ನೇ ಹೇಳಿದ್ದು."

ಅಮ್ಮ ನನ್ನತ್ತ ತಿರುಗಿದಳು. ಅಂಕಪಟ್ಟಿಗೆ ಅಪ್ಪನ ಸಹಿಯನ್ನು ನಾನೇ ಹಾಕಿಕೊಂಡಿದ್ದು ತಿಳಿದ ದಿನ ನೋಡಿದ್ದ ಅದೇ ನೋಟ. ಇನ್ನು ಮುಗಿಯಿತು ಎಂದು ನಾನು ನೀರಿನ ಲೋಟ ಹಿಡಿದುಕೊಂಡೆ.

"ಇವಂಗೆ ನೆನಪಿರಲ್ಲ ಬಿಡು" ಎಂದಳು ಅಮ್ಮ. "ಹುಳಿ ಮೊದ್ಲು ಬಿದ್ರೆ ಮಾಂಸ ಬಿಗ್ದುಕಳ್ತದೆ. ಅರ್ಧ ಬೆಂದ ಮೇಲೆ ಹಾಕದು. ಹಸಿ ಮಾಂಸ ಉಳ್ದಿದ್ಯಾ? ಬಾ, ತೋರಿಸ್ತೀನಿ." ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಒಂದು ಗಂಟೆಯ ನಂತರ ಬಂದ ಪಾತ್ರೆಯನ್ನು ಜನ ತೊಳೆದಿಟ್ಟಷ್ಟು ಚೊಕ್ಕಟವಾಗಿ ಖಾಲಿ ಮಾಡಿದರು. ದಿವಾಕರ ಅಮ್ಮನ ಕಾಲಿಗೆ ಬಿದ್ದ. ನನ್ನ ಬೆನ್ನಿಗೂ ಒಂದು ಗುದ್ದಿದ. ಪ್ರೀತಿಯದೇ ಇರಬೇಕು.

ವಾಪಸು ಬರುವಾಗ ನಾನೇ ಬಾಯಿಬಿಟ್ಟೆ. "ಅಮ್ಮಾ, ನಿಂಗೆ ಹಂದಿ ಸಾರು ಮಾಡಕ್ಕೆ ಬರ್ತದಾ?"

"ಬರ್ದೆ ಎಂತ? ಮದ್ವೆಗೆ ಮುಂಚೆ ತವರಲ್ಲಿ ನಾನೇ ಮಾಡ್ತಿದ್ದೆ. ನಿಮ್ಮಪ್ಪಂಗೆ ಆಗ್ತಿರ್ಲಿಲ್ಲ, ಬಿಟ್ಟೆ."

"ನನಗೆ ಹೇಳ್ಲೇ ಇಲ್ವಲ್ಲ."

"ನೀ ಕೇಳಿದ್ಯಾ?"

ಮುಂದಿನ ತಿರುವಿನವರೆಗೂ ರಸ್ತೆಯನ್ನೇ ನೋಡಿಕೊಂಡು ಓಡಿಸಿದೆ. ಅಮ್ಮನ ಬಗ್ಗೆ ಊರೆಲ್ಲ ಕಥೆ ಹೇಳಿದ್ದೆ. ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ.

ಆ ಭಾನುವಾರ ನಮ್ಮ ಮನೆಯಲ್ಲೇ ಹಂದಿ ಸಾರಾಯಿತು. ಅಮ್ಮ ಅಪ್ಪನ ಫೋಟೊ ಇದ್ದ ಕೋಣೆಯ ಬಾಗಿಲು ಎಳೆದು ಮುಚ್ಚಿ ಬಂದು ಬಡಿಸಿದಳು. ಉಪ್ಪು ಒಂದು ಚೂರು ಮುಂದಾಗಿತ್ತು. "ಸಾರು ಹೆಂಗಾಗಿದ್ಯಾ?" ಎಂದಳು. "ಇಂಥದ್ದು ಬೇರೆಲ್ಲೂ ತಿಂದಿಲ್ಲಮ್ಮ" ಎಂದೆ. ನಿಜವೇ. ದಿವಾಕರನ ಒಂದು ಊಟ ಬಿಟ್ಟರೆ ಬೇರೆಲ್ಲೂ ತಿಂದವನೇ ಅಲ್ಲವಲ್ಲ ನಾನು.